ಚಿಕ್ಕಿ ಕಾಲಂನಲ್ಲಿದ್ದ ಹುಡುಗಿ

ನಾನು ಚಳ್ಳಕೆರೆ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ಒಂದರಿಂದ ಐದನೇ ಕ್ಲಾಸು, ಇಬ್ಬರು ಶಿಕ್ಷಕರು, ಇಬ್ಬರು ಅಡುಗೆಯವರು. ಬಿಸಿಯೂಟದ ಲೆಕ್ಕ ನನ್ನ ಪಾಲಿನದು. ನಮ್ಮದು ಶೇಂಗಾ ಸೀಮೆ. ಮಳೆ ಕೈಕೊಡದಿದ್ದರೆ ಅಕ್ಟೋಬರ್, ನವೆಂಬರ್‌ನಲ್ಲಿ ಗಿಡ ಕೀಳುತ್ತಾರೆ. ಆಗ ಮಕ್ಕಳ ಜೇಬಿನ ತುಂಬಾ ಹಸಿ ಶೇಂಗಾ, ಕ್ಲಾಸಿನ ತುಂಬಾ ಸಿಪ್ಪೆ. ಶೇಂಗಾ ಆಗದ ಮಗುವೂ ಇರಬಹುದು ಅಂತ ಇಲ್ಲಿ ಯಾರಿಗೂ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ.

2022ರ ಜುಲೈನಲ್ಲಿ ರಾಜ್ಯದ ಎಲ್ಲಾ ಜಿಲ್ಲೆಗಳ ಶಾಲೆಗಳಿಗೂ ಮೊಟ್ಟೆ ಬಂತು. ಒಂದರಿಂದ ಎಂಟನೇ ಕ್ಲಾಸಿನವರೆಗೆ, ಆಗ ವರ್ಷಕ್ಕೆ 46 ದಿನ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಇಲ್ಲದಿದ್ದರೆ ಶೇಂಗಾ ಚಿಕ್ಕಿ. ನಾನು ಪಟ್ಟಿ ಮಾಡಿದೆ. ಎರಡೇ ಕಾಲಂ: ತಿನ್ನುವವರು, ತಿನ್ನದವರು. ಮನೆಯಲ್ಲಿ ಮೊಟ್ಟೆ ಮುಟ್ಟದವರು, ವಾಸನೆ ಹಿಡಿಸದವರು, ಶ್ರಾವಣ ಅಂತ ಬಿಟ್ಟವರು, ಎಲ್ಲರೂ ಎರಡನೇ ಕಾಲಂಗೆ ಹೋದರು. ಎಷ್ಟು ಮೊಟ್ಟೆ ಬೇಯಿಸಬೇಕು ಅನ್ನುವ ಲೆಕ್ಕ ಸಿಕ್ಕಿತು. ಯಾವ ಮಗುವಿಗೆ ಏನು ಆಗಲ್ಲ ಅಂತ ಒಂದು ಮಾತೂ ಕೇಳಲಿಲ್ಲ.

ನವೆಂಬರ್‌ನ ಒಂದು ದಿನ ಬಾಳೆಹಣ್ಣು ಬರಲಿಲ್ಲ. ಎರಡನೇ ಕಾಲಂನವರಿಗೆಲ್ಲಾ ಚಿಕ್ಕಿ ಹಂಚಿದೆ. ಮೂರನೇ ಕ್ಲಾಸಿನ ಒಬ್ಬ ಹುಡುಗಿ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದಳು. ‘ತಿನ್ನಮ್ಮಾ, ಗಂಟೆ ಹೊಡೀತಾರೆ’ ಅಂದವನು ನಾನೇ.

ಸ್ವಲ್ಪ ಹೊತ್ತಿಗೇ ತುಟಿ ತುರಿಸುತ್ತದೆ ಅಂದಳು. ಕುತ್ತಿಗೆ, ಕೈ ಮೇಲೆಲ್ಲಾ ದಪ್ಪ ದಪ್ಪ ಗಂಧೆ ಎದ್ದವು. ಅಡುಗೆ ಅಕ್ಕ ನೋಡಿ ‘ಪಿತ್ತದ ಗಂಧೆ ಸರ್, ಕಂಬಳಿ ಹೊದ್ಸಿದ್ರೆ ಇಳಿಯುತ್ತೆ’ ಅಂದರು. ಕಂಬಳಿ ತಂದೆವು. ಮುಖ ತೊಳೆದುಕೊಂಡು ಬಾ ಅಂತ ಅವಳನ್ನು ನಲ್ಲಿವರೆಗೆ ನಡೆಸಿದೆವು. ಅಲ್ಲಿ ವಾಂತಿಯಾಯಿತು. ಕೆಮ್ಮು ಹತ್ತಿತು, ದನಿ ಗೊಗ್ಗರಾಯಿತು, ಎದೆಯಲ್ಲಿ ಸುಯ್ಯಿ ಸುಯ್ಯಿ ಸದ್ದು. ಆಗಲೇ ಕಾಲು ಗಂಟೆ ಕಳೆದುಹೋಗಿತ್ತು. 108ಕ್ಕೆ ಫೋನ್ ಮಾಡಿದೆವು. ಅದು ಬರುವವರೆಗೆ ಕಾಯುವ ಧೈರ್ಯ ಆಗಲಿಲ್ಲ. ಊರಿನವರೊಬ್ಬರ ಆಟೊದಲ್ಲಿ ಆರು ಕಿಲೋಮೀಟರ್ ದೂರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಓಡಿದೆವು.

ಡಾಕ್ಟರ್ ಮೊದಲು ತೊಡೆಯ ಹೊರಭಾಗಕ್ಕೆ, ಜೋರಾದ ಅಲರ್ಜಿಗೆ ಕೊಡುವ ಅಡ್ರಿನಲಿನ್ ಔಷಧಿ ಚುಚ್ಚಿದರು. ಪ್ರಶ್ನೆ ಕೇಳಿದ್ದು ಆಮೇಲೆ. ನೋಡನೋಡುತ್ತಾ ಅವಳ ಉಸಿರು ಸಡಿಲವಾಯಿತು. ಕೆಲವು ಗಂಟೆ ಬಿಟ್ಟು ಅಲರ್ಜಿ ಮತ್ತೆ ಕೆರಳಬಹುದು ಅಂತ ತಾಲ್ಲೂಕು ಆಸ್ಪತ್ರೆಗೆ ಕಳಿಸಿ ರಾತ್ರಿಯೆಲ್ಲಾ ಇರಿಸಿದರು. ನನಗೆ ಡಾಕ್ಟರ್ ಹೇಳಿದ ಮೂರು ಮಾತು ಈಗಲೂ ಬಾಯಿಪಾಠ. ಇಂಥ ಮಗುವನ್ನು ನಡೆಸಬಾರದು. ಮಲಗಿಸಬೇಕು, ಉಸಿರಿಗೆ ಕಷ್ಟವಾದರೆ ಒರಗಿಸಿ ಕೂರಿಸಬೇಕು. ಸಿಟ್ರಿಜಿನ್ ಮಾತ್ರೆ ತುರಿಕೆ ಇಳಿಸುತ್ತದೆ, ಮುಚ್ಚುತ್ತಿರುವ ಗಂಟಲನ್ನು ಬಿಡಿಸುವುದಿಲ್ಲ. ಗಂಧೆಯ ಜೊತೆ ವಾಂತಿಯೋ ಕೆಮ್ಮೋ ಸೇರಿಕೊಂಡರೆ ಮತ್ತೇನನ್ನೂ ಕಾಯಬಾರದು.

ಅಜ್ಜಿಗೆ ಗೊತ್ತಿತ್ತು. ‘ಶೇಂಗಾ ಚಟ್ನಿ ಹಾಕಿದ್ರೆ ಬಾಯಿ ತುರಿಸುತ್ತೆ ಅಂತಿದ್ಲು ಸರ್. ಊಟ ತಪ್ಪಿಸೋಕೆ ನೆಪ ಅಂದ್ಕೊಂಡ್ವಿ’ ಅಂದರು. ಹುಡುಗಿ ಮಾತ್ರ ನನ್ನ ಮುಖ ನೋಡಿ, ‘ನೀವು ಕೊಟ್ರಿ ಅಲ್ವಾ ಸರ್, ಅದಕ್ಕೆ ತಿಂದೆ’ ಅಂದಳು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮಾರನೇ ದಿನ ಪಟ್ಟಿಗೆ ಮೂರನೇ ಕಾಲಂ ಎಳೆದೆ: ತಿನ್ನಬಾರದವರು. ಕೆಂಪು ಶಾಯಿಯಲ್ಲಿ. ಅದನ್ನು ತುಂಬಿಸಲು ಮನೆಮನೆಗೆ ಹೋದೆ. ‘ಅಲರ್ಜಿ ಇದೆಯಾ’ ಅಂತ ಕೇಳಿದರೆ ಎಲ್ಲರೂ ಇಲ್ಲ ಅಂದರು. ‘ಏನು ತಿಂದರೆ ಮೈ ಮೇಲೆ ಏಳುತ್ತೆ, ಬಾಯಿ ತುರಿಸುತ್ತೆ, ವಾಂತಿ ಆಗುತ್ತೆ’ ಅಂತ ಕೇಳಿದಾಗ ಇನ್ನೂ ಎರಡು ಹೆಸರು ಬಂದವು. ಒಂದು ಮಗುವಿಗೆ ಮೊಟ್ಟೆ, ಇನ್ನೊಂದಕ್ಕೆ ಹಾಲು. ನಾವು ಬೆಳಿಗ್ಗೆ ಕೊಡುವ ಕ್ಷೀರಭಾಗ್ಯದ ಹಾಲನ್ನು ಆ ಮಗು ದಿನಾ ಗೆಳೆಯನ ಲೋಟಕ್ಕೆ ಸುರಿಯುತ್ತಿತ್ತಂತೆ. ನನಗೆ ಗೊತ್ತೇ ಇರಲಿಲ್ಲ.

ಅಡುಗೆಮನೆಯಲ್ಲಿ ಬದಲಾವಣೆ ಅಷ್ಟು ಕಷ್ಟವಾಗಲಿಲ್ಲ. ಚಿತ್ರಾನ್ನದ ಒಗ್ಗರಣೆಗೆ ಶೇಂಗಾ ಬದಲು ಕಡ್ಲೆಬೇಳೆ. ಹಬ್ಬಕ್ಕೆ ಊರವರು ಕೊಡುವ ಗಾಣದ ಶೇಂಗಾ ಎಣ್ಣೆ ಬೇಡ ಅಂದೆವು. ಗಾಣದ ಎಣ್ಣೆಯಲ್ಲಿ ಕಾಳಿನ ಅಂಶ ಉಳಿದಿರುತ್ತದೆ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿ ಸಹಿ ಹಾಕುವ ಪುಸ್ತಕ ಇರುತ್ತದಲ್ಲ, ಅದರಲ್ಲಿ ‘ಶೇಂಗಾ ಹಾಕಿಲ್ಲ’ ಅಂತಲೂ ಬರೆಯಲು ಶುರು ಮಾಡಿದೆ. ಬರೆಯಬೇಕಲ್ಲ ಅಂತಲೇ ದಿನಾ ಕೇಳುವ ರೂಢಿ ಬಂತು.

ತಪ್ಪಿದ್ದು ಬೇರೆ ಕಡೆ. ಜೋಪಾನ ಇರಲಿ ಅಂತ ಅವಳನ್ನು ಸಾಲಿನಿಂದ ದೂರ, ಬೇರೆ ತಟ್ಟೆ ಕೊಟ್ಟು ಕೂರಿಸಿದೆ. ಮೂರನೇ ದಿನ ಅವಳ ತಾಯಿ ಬಂದು ನಿಂತರು. ‘ಯಾಕ್ ಸರ್, ನನ್ ಮಗಳನ್ನ ಬೇರೆ ಕೂರ್ಸಿದೀರ?’ ಕಣ್ಣಲ್ಲಿ ನೀರಿತ್ತು. ನಮ್ಮ ಹಳ್ಳಿಗಳಲ್ಲಿ ಒಬ್ಬರನ್ನು ಪಂಕ್ತಿಯಿಂದ ಬೇರೆ ಕೂರಿಸುವುದಕ್ಕೆ ಒಂದೇ ಅರ್ಥ ಇತ್ತು, ಅದನ್ನು ಅನುಭವಿಸಿದ ಮನೆಯವರು ಅವರು. ಎಲ್ಲಾ ಜಾತಿಯ ಮಕ್ಕಳೂ ಒಟ್ಟಿಗೆ ಕೂತು ಉಣ್ಣಲಿ ಅಂತಲೂ ಅಲ್ವಾ ಬಿಸಿಯೂಟ ಇರುವುದು? ನನಗೆ ತುಂಬಾ ನಾಚಿಕೆಯಾಯಿತು. ಅವತ್ತೇ ಅವಳನ್ನು ಗೆಳತಿಯರ ನಡುವೆ ತಂದು ಕೂರಿಸಿದೆ. ಬೇಲಿ ಹಾಕಬೇಕಾದದ್ದು ಶೇಂಗಾಕ್ಕೆ, ಮಗುವಿಗಲ್ಲ. ಚಿಕ್ಕಿ ನಿಲ್ಲಿಸಿ, ಎರಡನೇ ಕಾಲಂನವರಿಗೆಲ್ಲಾ ಬಾಳೆಹಣ್ಣು ಮಾಡಿದೆವು. ಸುಗ್ಗಿ ಕಾಲದಲ್ಲಿ ಮಕ್ಕಳು ಗೇಟಿನ ಹತ್ತಿರ ಜೇಬು ಖಾಲಿ ಮಾಡಿ, ಸೋಪು ಹಚ್ಚಿ ಕೈ ತೊಳೆದು ಒಳಗೆ ಬರುತ್ತಾರೆ. ಬರೀ ನೀರಿಗಾಗಲೀ ಸ್ಯಾನಿಟೈಸರ್‌ಗಾಗಲೀ ಶೇಂಗಾ ಜಿಡ್ಡು ಸರಿಯಾಗಿ ಹೋಗಲ್ಲ, ಸೋಪೇ ಬೇಕು. ಕಾರಣ ಹೇಳಿದ ಮೇಲೆ ಮಕ್ಕಳೇ ಒಬ್ಬರನ್ನೊಬ್ಬರು ತಡೆದು ತೊಳೆಸುತ್ತಾರೆ.

ಔಷಧಿಯ ವಿಷಯದಲ್ಲಿ ಮಾತ್ರ ನನಗೆ ಇನ್ನೂ ಸಮಾಧಾನವಿಲ್ಲ. ಅಮೆರಿಕದಲ್ಲಿ ಶಾಲೆಗಳು ಅಡ್ರಿನಲಿನ್ ಪೆನ್ (ತೊಡೆಗೆ ಒತ್ತಿದರೆ ಔಷಧಿ ತಾನೇ ಒಳಹೋಗುವ ಸಿರಿಂಜು) ಇಟ್ಟುಕೊಳ್ಳಲಿ ಅಂತ 2013ರಲ್ಲೇ ಕಾನೂನು ಮಾಡಿ ಪ್ರೋತ್ಸಾಹ ಕೊಟ್ಟರು. ನಮ್ಮ ಪೆಟ್ಟಿಗೆಯಲ್ಲಿ ಹತ್ತಿ, ಡೆಟಾಲ್, ಬ್ಯಾಂಡೇಜ್ ಇವೆ. ಸದ್ಯಕ್ಕೆ ನಮಗಿರುವ ದಾರಿ ಆರೋಗ್ಯ ಕೇಂದ್ರದ ನಂಬರ್, ಆಟೊದವರ ನಂಬರ್, ಗೋಡೆಗೆ ಅಂಟಿಸಿದ ಒಂದು ಹಾಳೆ. ಮಕ್ಕಳ ಆರೋಗ್ಯ ನೋಡುವ ಸರ್ಕಾರಿ ಕಾರ್ಯಕ್ರಮ ಆರ್‌ಬಿಎಸ್‌ಕೆಯ ತಂಡ ತಪಾಸಣೆಗೆ ಬಂದಾಗ ಮೂರೂ ಮಕ್ಕಳ ವಿಷಯ ಹೇಳಿ ಬರೆಸಿದೆ.

ಹುಡುಗಿ ಐದನೇ ಕ್ಲಾಸು ಮುಗಿಸಿ ಪಕ್ಕದೂರಿನ ಶಾಲೆಗೆ ಹೋದಳು. ಟಿ.ಸಿ. ಬರೆಯುವಾಗ ನೋಡಿದೆ, ಇದನ್ನು ಬರೆಯಲು ಅದರಲ್ಲಿ ಜಾಗವೇ ಇಲ್ಲ. ಬೇರೆ ಹಾಳೆಯಲ್ಲಿ ಬರೆದು, ಬೈಕಿನಲ್ಲಿ ನಾನೇ ಹೋದೆ. ಹೆಡ್ ಮಾಸ್ಟರ್ ಇನ್ನೂ ಬಂದಿರಲಿಲ್ಲ. ಅಡುಗೆಮನೆಯಲ್ಲಿ ಒಬ್ಬ ಅಕ್ಕ ಅಕ್ಕಿ ಆರಿಸುತ್ತಾ ಕೂತಿದ್ದರು. ಮೊದಲು ಅವರಿಗೇ ಹೇಳಿದೆ.