ತೊಳೆದ ಮಣ್ಣಿನ ಮೇಲೆ ನಾಲ್ಕು ದಿನ

ಲಂಡನ್ ತಲುಪಿದ ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಅಕ್ಕನ ಮಗ, "ಮಾವ, ಮೊದಲು ಏನು ನೋಡ್ತೀರಿ, ಅರಮನೆಯೋ, ಟವರ್ ಬ್ರಿಡ್ಜೋ?" ಎಂದು ಕೇಳಿದ. ನಾನು ಅವನ ಬಾಡಿಗೆ ಮನೆಯ ಕಿಟಕಿಯಿಂದ ಕಾಣುತ್ತಿದ್ದ ಹಸಿರು ಬಯಲಿನ ಕಡೆ ಕೈ ತೋರಿಸಿದೆ. ಅವನಿಗೆ ನಗು ಬಂತು. ಆರು ವರ್ಷಗಳಿಂದ ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲೇ ಇರುವ ಅವನಿಗೆ ಕ್ವೀನ್ ಎಲಿಜಬೆತ್ ಒಲಿಂಪಿಕ್ ಪಾರ್ಕ್ ಎಂದರೆ ಸಂಜೆ ಓಡಲು ಹೋಗುವ ಜಾಗ, ಅಷ್ಟೆ.

ಆ ಬಯಲಿನ ಮೇಲೆ ನನಗೆ ಆಸಕ್ತಿ ಹುಟ್ಟಲು ಎರಡು ಕಾರಣಗಳಿದ್ದವು. ಮೂವತ್ತು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ಕೆಲಸ ಮಾಡಿ ನಿವೃತ್ತನಾದವನಿಗೆ ಕಟ್ಟಡಕ್ಕಿಂತ ಅದರ ಕೆಳಗಿನ ಮಣ್ಣಿನ ಬಗ್ಗೆ ಕುತೂಹಲ ಹೆಚ್ಚು, ಅದು ಮೊದಲನೆಯದು. ಎರಡನೆಯದು ನನ್ನ ಊರು. ಕೋಲಾರದ ಚಿನ್ನದ ಗಣಿಯ ಪಕ್ಕದಲ್ಲಿ ಬೆಳೆದ ನಾವು, ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣನ್ನು ಗುಡ್ಡೆ ಹಾಕಿದ ಸೈನೈಡ್ ದಿಬ್ಬಗಳನ್ನು ದಿನವೂ ನೋಡಿದವರು, ಬೇಸಿಗೆಯ ಗಾಳಿಗೆ ಅದರ ದೂಳನ್ನು ಉಸಿರಾಡಿದವರು. ಗಣಿ 2001ರಲ್ಲಿ ಮುಚ್ಚಿತು, ದಿಬ್ಬಗಳು ಹಾಗೆಯೇ ನಿಂತವು. 1880ರಿಂದ ಎಪ್ಪತ್ತಕ್ಕೂ ಹೆಚ್ಚು ವರ್ಷ ಆ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಇದೇ ಲಂಡನ್ನಿನ ಕಂಪನಿ. ಆ ನಗರ ತನ್ನ ಸ್ವಂತ ಹಿತ್ತಲಿನ ವಿಷವನ್ನು ಏನು ಮಾಡಿತು ಎಂಬುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು.

ನಡಿಗೆಯನ್ನು ಗ್ರೀನ್‌ವೇ ಎಂಬ ಎತ್ತರದ ಕಾಲುದಾರಿಯಿಂದ ಆರಂಭಿಸಿದೆವು. ಹೂವು, ಹುಲ್ಲು, ಸೈಕಲ್ ಸವಾರರಿಂದ ತುಂಬಿದ ಈ ದಾರಿಯ ಕೆಳಗೆ ಹರಿಯುತ್ತಿರುವುದು ಲಂಡನ್ನಿನ ಕೊಳಚೆ. 1860ರ ದಶಕದಲ್ಲಿ ಜೋಸೆಫ್ ಬಜಾಲ್‌ಜೆಟ್ ಕಟ್ಟಿಸಿದ ದೊಡ್ಡ ಒಳಚರಂಡಿಯ ಬೆನ್ನೇ ಈಗ ವಾಯುವಿಹಾರದ ಹಾದಿಯಾಗಿದೆ. ಅಲ್ಲಿಂದ ನೋಡಿದರೆ ಎಡಕ್ಕೆ ಕ್ರೀಡಾಂಗಣ, ಅದರಾಚೆ ಲೀ ನದಿಯ ಹಲವು ಕವಲುಗಳು. ಈ ಕಣಿವೆ ಮಲಿನವಾದದ್ದು ಅಕಸ್ಮಾತ್ತಾಗಿ ಅಲ್ಲ. ದುರ್ವಾಸನೆಯ, ಅಪಾಯದ ಉದ್ಯಮಗಳನ್ನು ಲಂಡನ್ನಿನೊಳಗೆ ನಿರ್ಬಂಧಿಸುವ ಕಾಯಿದೆಯೊಂದು 1844ರಲ್ಲಿ ಬಂತು. ಲೀ ನದಿಯ ಪೂರ್ವದ ದಡದಲ್ಲಿದ್ದ ವೆಸ್ಟ್ ಹ್ಯಾಮ್ ಆಗ ಎಸೆಕ್ಸ್ ಸೀಮೆಗೆ ಸೇರಿದ್ದರಿಂದ ಕಾಯಿದೆ ಹೊಳೆ ದಾಟಲಿಲ್ಲ, ಕಾರ್ಖಾನೆಗಳು ದಾಟಿದವು. ಮೂಳೆ ಬೇಯಿಸುವವರು, ಸಾಬೂನು ಮಾಡುವವರು, ಬಣ್ಣ, ಡಾಂಬರು, ಆಮ್ಲ ತಯಾರಿಸುವವರು ಇಲ್ಲಿ ನೆಲೆಯೂರಿದರು. ಅವರ ಹಿಂದೆಯೇ ಕೂಲಿಯವರೂ ಬಂದರು. ಈಚೆಯ ದಡದ ಹ್ಯಾಕ್ನಿ ವಿಕ್‌ನಲ್ಲಿ ಅಲೆಕ್ಸಾಂಡರ್ ಪಾರ್ಕ್ಸ್ 1866ರಲ್ಲಿ ಪ್ಲಾಸ್ಟಿಕ್ಕಿನ ಪೂರ್ವಜವಾದ ಪಾರ್ಕಸೀನ್ ತಯಾರಿಸಲು ಕಂಪನಿ ತೆರೆದ. ನಾವು ದಿನಕ್ಕೆ ಹತ್ತು ಸಲ ಆಡುವ 'ಪೆಟ್ರೋಲ್' ಎಂಬ ಮಾತನ್ನು ಮಾರುಕಟ್ಟೆಯ ಹೆಸರಾಗಿ ಬಳಕೆಗೆ ತಂದದ್ದೂ 1890ರ ದಶಕದಲ್ಲಿ ಅದೇ ಹ್ಯಾಕ್ನಿ ವಿಕ್‌ನ ಕಾರ್ಲೆಸ್, ಕೇಪಲ್ ಅಂಡ್ ಲೆನರ್ಡ್ ಎಂಬ ಕಂಪನಿ. ನಮ್ಮ ಹಳ್ಳಿಯ ಬಂಕಿನ ಹಲಗೆಯ ಮೇಲಿರುವ ಪದ ಹುಟ್ಟಿದ ಓಣಿಯಲ್ಲಿ ಈಗ ಬಿಯರ್ ಅಂಗಡಿಗಳೂ ಚಿತ್ರಗಾರರ ಕೋಣೆಗಳೂ ಇವೆ.

2005ರ ಜುಲೈ 6ರಂದು ಲಂಡನ್ನಿಗೆ 2012ರ ಒಲಿಂಪಿಕ್ಸ್ ನಡೆಸುವ ಅವಕಾಶ ಸಿಕ್ಕಿದಾಗ ಈ ಕಣಿವೆಯಲ್ಲಿ ಗುಜರಿ ಅಂಗಡಿಗಳು, ಗೋದಾಮುಗಳು, ಹಳೆಯ ಫ್ರಿಜ್ಜುಗಳ ಒಂದು ಬೆಟ್ಟ, ತಲೆಯ ಮೇಲೆ ವಿದ್ಯುತ್ ಗೋಪುರಗಳ ಸಾಲು ಇದ್ದವು. 52 ಗೋಪುರಗಳನ್ನು ಕೆಡವಿ ತಂತಿಗಳನ್ನು ಸುರಂಗಕ್ಕಿಳಿಸಿದರು, ಇನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಒಡೆದರು. ಬಳಿಕ ನೆಲವನ್ನು ಅಗೆದಾಗ ಎಣ್ಣೆ, ಡಾಂಬರು, ಸೀಸ, ಆರ್ಸೆನಿಕ್, ಸೈನೈಡ್ ಎಲ್ಲವೂ ಸಿಕ್ಕಿದವು. ಸೈನೈಡ್ ಎಂಬ ಪದ ಕೇಳಿ ನನಗೆ ಊರು ನೆನಪಾಯಿತು ಎಂದು ಬೇರೆ ಹೇಳಬೇಕಿಲ್ಲ.

ಮಣ್ಣು ತೊಳೆಯುವುದು ಎಂದರೇನು ಎಂದು ಅಕ್ಕನ ಮಗ ಕೇಳಿದ. ನದಿಯಂಚಿನ ಬೆಂಚಿನ ಮೇಲೆ ಕುಳಿತು ವಿವರಿಸಿದೆ. ನಿವೃತ್ತ ಎಂಜಿನಿಯರಿಗೆ ಇದಕ್ಕಿಂತ ಒಳ್ಳೆಯ ಶ್ರೋತೃ ಎಲ್ಲಿ ಸಿಗಬೇಕು! ಅಕ್ಕಿ ತೊಳೆದು ಕಲ್ಲು ಆರಿಸುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ವಿಷ ಮುಖ್ಯವಾಗಿ ಅಂಟಿಕೊಳ್ಳುವುದು ಮಣ್ಣಿನ ಅತಿ ನುಣುಪಾದ ಕಣಗಳಿಗೆ, ಅಂದರೆ ಜೇಡಿ ಮತ್ತು ಹೂಳಿಗೆ. ಆದ್ದರಿಂದ ಅಗೆದ ಮಣ್ಣನ್ನು ಯಂತ್ರದೊಳಗೆ ಸುರಿದು, ನೀರು ಹಾಯಿಸಿ, ಉಜ್ಜಿ, ಜರಡಿಗಳ ಮೂಲಕ ಮರಳು ಮತ್ತು ಜಲ್ಲಿಯನ್ನು ಬೇರ್ಪಡಿಸುತ್ತಾರೆ. ಶುದ್ಧವಾದ ಮರಳು, ಜಲ್ಲಿ ಮತ್ತೆ ನೆಲ ತುಂಬಲು ಬಳಕೆಯಾಗುತ್ತವೆ. ಉಳಿದ ರಾಡಿಯನ್ನು ಹಿಂಡಿ, ಎಣ್ಣೆಗಾಣದ ಹಿಂಡಿಯ ಹಾಗೆ ಗಟ್ಟಿಮಾಡಿ, ಪರವಾನಗಿ ಇರುವ ತ್ಯಾಜ್ಯ ಗುಂಡಿಗೆ ಕಳಿಸುತ್ತಾರೆ. ಎಣ್ಣೆ ಬೆರೆತ ಮಣ್ಣಿಗೆ ಇನ್ನೊಂದು ಉಪಾಯವಿದೆ: ಅದನ್ನು ರಾಶಿ ಹಾಕಿ, ಗಾಳಿ, ತೇವ ಒದಗಿಸಿದರೆ ಸೂಕ್ಷ್ಮಜೀವಿಗಳೇ ಎಣ್ಣೆಯನ್ನು ತಿಂದು ಮುಗಿಸುತ್ತವೆ. ಈ ಕೆಲಸ ನಡೆದ ಜಾಗವನ್ನು ಇಲ್ಲಿಯವರು 'ಮಣ್ಣಿನ ಆಸ್ಪತ್ರೆ' ಎಂದು ಕರೆದರು. ಸುಮಾರು 20 ಲಕ್ಷ ಟನ್ ಮಣ್ಣು ಹೀಗೆ ಚಿಕಿತ್ಸೆ ಪಡೆಯಿತು, ಅದರ ಬಹುಪಾಲು ಅಲ್ಲೇ ಮರುಬಳಕೆಯಾಯಿತು. ಲಾರಿಗಟ್ಟಲೆ ಮಣ್ಣನ್ನು ಬೇರೆ ಊರಿನ ಹೊರವಲಯದಲ್ಲಿ ಸುರಿದು ಬರುವ ಸುಲಭದ ದಾರಿಯನ್ನು ಹಿಡಿಯಲಿಲ್ಲವಲ್ಲ ಎಂಬುದೇ ನನ್ನ ಮಟ್ಟಿಗೆ ಈ ಯೋಜನೆಯ ದೊಡ್ಡ ಗುಣ.

ಎಲ್ಲವೂ ತೊಳೆದು ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಕೆಲವು ಕಡೆ ಸಿಕ್ಕಿದ ಅಲ್ಪ ಪ್ರಮಾಣದ ವಿಕಿರಣಶೀಲ ವಸ್ತುಗಳನ್ನು ಉದ್ಯಾನದೊಳಗೇ ಪ್ರತ್ಯೇಕ ಕೋಶವೊಂದರಲ್ಲಿ ಹೂಳಲಾಯಿತು. ಅದರ ಬಗ್ಗೆ ಆಗ ಸ್ಥಳೀಯರಿಂದ ಆಕ್ಷೇಪವೂ ಬಂತು. ಉಳಿದ ನೆಲದ ಮೇಲೆ ಒಂದು ಗುರುತಿನ ಪದರ ಹಾಸಿ, ಅದರ ಮೇಲೆ ಅರುವತ್ತು ಸೆಂಟಿಮೀಟರಿನಷ್ಟು ಶುದ್ಧ ಮಣ್ಣು ಹರಡಿದ್ದಾರೆ. ಮುಂದೆಂದಾದರೂ ಅಗೆಯುವವನಿಗೆ ಆ ಪದರ ಕಂಡರೆ, ಇನ್ನು ಕೆಳಗೆ ಎಚ್ಚರದಿಂದ ಹೋಗಬೇಕು ಎಂದು ತಿಳಿಯಬೇಕು. ನಾವು ಕೂತಿದ್ದ ಬೆಂಚಿನ ಸುತ್ತಲಿನ ಹುಲ್ಲಿನ ಮೇಲೆ ಮಕ್ಕಳು ಚೆಂಡಾಡುತ್ತಿದ್ದರು.

ಮೂರನೆಯ ದಿನ ಈಸ್ಟ್ ವಿಲೇಜ್‌ಗೆ ಹೋದೆವು. ರೈಲ್ವೆಯ ಹಳೆಯ ನೆಲದ ಮೇಲೆ ಕ್ರೀಡಾಪಟುಗಳಿಗಾಗಿ ಕಟ್ಟಿದ ಈ ಬಡಾವಣೆ 2012ರ ನಂತರ ಸಾಮಾನ್ಯರ ವಸತಿಯಾಯಿತು. ಬೀದಿಗಳಿಗೆ ಸೆಲೆಬ್ರೇಷನ್ ಅವೆನ್ಯೂ, ವಿಕ್ಟರಿ ಪರೇಡ್ ಎಂಬ ಹೆಸರುಗಳು. ಪಂದ್ಯ ಮುಗಿದು ಇಷ್ಟು ವರ್ಷವಾದರೂ ಊರು ಇನ್ನೂ ಪದಕ ಗೆಲ್ಲುತ್ತಲೇ ಇದೆ. ಒಂದು ಕಟ್ಟಡದ ಗೋಡೆಯ ತುಂಬ ಪಾರ್ಥೆನಾನ್ ದೇವಾಲಯದ ಕುದುರೆ ಸವಾರರ ಉಬ್ಬುಚಿತ್ರಗಳ ಅಚ್ಚು ಹಾಕಿದ್ದಾರೆ. ಇಲ್ಲಿರುವ 2,818 ಮನೆಗಳಲ್ಲಿ 1,379 'ಕೈಗೆಟುಕುವ' ಮನೆಗಳು ಟ್ರಯಾಥ್ಲಾನ್ ಹೋಮ್ಸ್ ಎಂಬ ಸಂಸ್ಥೆಯ ಕೈಯಲ್ಲಿವೆ, ಉಳಿದವು ಖಾಸಗಿ ಬಾಡಿಗೆಯವು. ಸರಿಸುಮಾರು ಅರ್ಧ. ಕಡಿಮೆ ಸಾಧನೆಯಲ್ಲ ಎಂದು ನಾನು ಮೆಚ್ಚಿಕೊಂಡದ್ದನ್ನು ಕೇಳಿ ಅಕ್ಕನ ಮಗ, "ಆ ಪದಕ್ಕೆ ಇಲ್ಲಿ ಏನು ಅರ್ಥ ಅಂತ ಗೊತ್ತಾ ಮಾವ?" ಎಂದ.

ಅರ್ಥ ಒಂದಲ್ಲ. ಸೋಷಿಯಲ್ ರೆಂಟ್ ಎಂಬುದು ಬಡವರಿಗೆ ನಿಜವಾಗಿ ಎಟುಕುವ ಹಳೆಯ ಬಗೆಯ ಬಾಡಿಗೆ. ಶೇರ್ಡ್ ಓನರ್‌ಶಿಪ್ ಎಂದರೆ ಮನೆಯ ಕಾಲು ಭಾಗವನ್ನೋ ಅರ್ಧವನ್ನೋ ಸಾಲ ಮಾಡಿ ಕೊಂಡು, ಉಳಿದ ಪಾಲಿಗೆ ಬಾಡಿಗೆ ಕಟ್ಟುತ್ತ, ಅದರ ಮೇಲೆ ನಿರ್ವಹಣಾ ಶುಲ್ಕವನ್ನೂ ತೆರುವ ವ್ಯವಸ್ಥೆ. 2011ರಿಂದೀಚೆಗೆ ಬಂದ 'ಅಫೋರ್ಡಬಲ್ ರೆಂಟ್' ಎಂಬುದು ಮಾರುಕಟ್ಟೆ ಬಾಡಿಗೆಯ ಶೇ 80ರವರೆಗೂ ಹೋಗಬಹುದು. ಮಾರುಕಟ್ಟೆಯೇ ಮುಗಿಲು ಮುಟ್ಟಿರುವಾಗ ಅದರ ಎಂಬತ್ತು ಪಾಲು ಯಾರ ಕೈಗೆ ಎಟುಕೀತು? ಮೂರೂ ಬಗೆಯನ್ನು ಒಂದೇ ಹೆಸರಿನ ಚೀಲಕ್ಕೆ ತುಂಬಿ ಲೆಕ್ಕ ಕೊಡುವ ಜಾಣತನವನ್ನು ನಾನು ಸರ್ಕಾರಿ ಕಡತಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಸಾವಿರಾರು ಮೈಲಿ ಬಂದು ಅದೇ ಬರವಣಿಗೆಯನ್ನು ಗುರುತು ಹಿಡಿದಂತಾಯಿತು. ಸಾಲದ್ದಕ್ಕೆ, ಈ ಕಟ್ಟಡಗಳಲ್ಲಿ ಕೆಲವಕ್ಕೆ ಹೊರಗೋಡೆಯ ಬೆಂಕಿ ಸುರಕ್ಷತೆಯ ದೋಷಗಳಿರುವುದು ಕಂಡುಬಂದು, ದುರಸ್ತಿಯ ಖರ್ಚು ಯಾರದು ಎಂಬ ವ್ಯಾಜ್ಯ ನ್ಯಾಯಮಂಡಳಿಯ ಮೆಟ್ಟಿಲೇರಿ, 2024ರ ಜನವರಿಯಲ್ಲಿ ಟ್ರಯಾಥ್ಲಾನ್ ಪರವಾಗಿ ತೀರ್ಪು ಬಂತು.

ಬಡಾವಣೆಯ ಉತ್ತರದ ಅಂಚಿನಲ್ಲಿ ಹಿಂದೆ ಕ್ಲೇಸ್ ಲೇನ್ ಎಂಬ ಸಹಕಾರಿ ವಸತಿ ಇತ್ತು. ಒಂಟಿಯಾಗಿ ಬದುಕುವ, ಹೆಚ್ಚು ಸಂಪಾದನೆಯಿಲ್ಲದ ನಾನೂರಕ್ಕೂ ಹೆಚ್ಚು ಮಂದಿ ಕಡಿಮೆ ಬಾಡಿಗೆಗೆ ಅಲ್ಲಿದ್ದರು. 2007ರಲ್ಲಿ ಅವರನ್ನು ಎಬ್ಬಿಸಿ ಅದನ್ನು ಕೆಡವಿದರು. ಅದೇ ವರ್ಷ ಮೇನರ್ ಗಾರ್ಡನ್ ಎಂಬ ತರಕಾರಿ ತೋಟಗಳ ಜನರೂ ಜಾಗ ಖಾಲಿ ಮಾಡಿದರು. ಕಡಿಮೆ ಬೆಲೆಯ ಮನೆ ಕಟ್ಟಲು ಕಡಿಮೆ ಬಾಡಿಗೆಯ ಮನೆ ಒಡೆಯುವುದು ಕೇಳಲು ವಿಚಿತ್ರ. ಆದರೆ ಅಲ್ಲಿ ನಿಂತಾಗ ನನಗೆ ಅದರ ತರ್ಕ ಸ್ವಲ್ಪ ತಿಳಿದಂತಾಯಿತು. ಈ ಕಣಿವೆಯಲ್ಲಿ ಬಡವರು ನೂರೈವತ್ತು ವರ್ಷ ಉಳಿದದ್ದು ನೆಲ ಕೆಟ್ಟಿತ್ತು ಎಂಬ ಕಾರಣಕ್ಕೆ. ಬೇರೆ ಯಾರಿಗೂ ಬೇಡವಾದ ನೆಲಕ್ಕೆ ಬೇಲಿ ಬೇಕಿರಲಿಲ್ಲ, ವಿಷವೇ ಬೇಲಿಯಾಗಿತ್ತು. ಸಾರ್ವಜನಿಕರ ದುಡ್ಡಿನಿಂದ ಮಣ್ಣು ತೊಳೆದ ದಿನ ಆ ಬೇಲಿ ಬಿತ್ತು, ನೆಲಕ್ಕೆ ಬೆಲೆ ಬಂತು.

ಸ್ಟ್ರಾಟ್‌ಫರ್ಡ್ ನಿಲ್ದಾಣದ ಇನ್ನೊಂದು ಮಗ್ಗುಲಿನ ಕಾರ್ಪೆಂಟರ್ಸ್ ಎಸ್ಟೇಟ್‌ನಲ್ಲಿ ಈ ಮಾತಿಗೆ ಸಾಕ್ಷಿ ಸಿಗುತ್ತದೆ. 1960ರ ದಶಕದ ಕೊನೆಯ ಈ ನಗರಸಭೆ ವಸತಿಯ ಮನೆಗಳನ್ನು ಒಂದೊಂದಾಗಿ ಖಾಲಿ ಮಾಡಿಸಿ ವರ್ಷಗಟ್ಟಲೆ ಹಾಗೆಯೇ ಬಿಟ್ಟಿದ್ದರು. ಹತ್ತಿರದ ಹಾಸ್ಟೆಲಿನಲ್ಲಿದ್ದ ಎಳೆಯ ತಾಯಂದಿರಿಗೆ 2013ರಲ್ಲಿ ತೆರವಿನ ನೋಟಿಸು ಬಂದು, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ನಂಥ ದೂರದ ಊರುಗಳಿಗೆ ಹೋಗಿ ಎಂಬ ಸೂಚನೆ ಸಿಕ್ಕಿದಾಗ, ಅವರು ಫೋಕಸ್ ಇ15 ಎಂಬ ಹೆಸರಿನಲ್ಲಿ ಸಂಘಟಿತರಾದರು. 2014ರ ಸೆಪ್ಟೆಂಬರಿನಲ್ಲಿ ಈ ಖಾಲಿ ಮನೆಗಳಿಗೆ ನುಗ್ಗಿ ಎರಡು ವಾರ ಕುಳಿತು, "ಈ ಜನರಿಗೆ ಮನೆ ಬೇಕು, ಈ ಮನೆಗಳಿಗೆ ಜನ ಬೇಕು" ಎಂಬ ಬಟ್ಟೆ ಕಟ್ಟಿದ್ದರು. ಅಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ; ಜನ ವಾಸಿಸುವ ಅಂಗಳದಲ್ಲಿ ಕ್ಯಾಮೆರಾ ಹಿಡಿದು ನಿಲ್ಲಲು ಮನಸ್ಸು ಬರಲಿಲ್ಲ.

ಹಿಂದಿರುಗುವಾಗ ಮೈಲ್ ಎಂಡ್‌ನಲ್ಲಿ ಇಳಿದು ಸೇಂಟ್ ಕ್ಲೆಮೆಂಟ್ಸ್ ಎಂಬ ಹಳೆಯ ಆಸ್ಪತ್ರೆಯ ಆವರಣವನ್ನೂ ನೋಡಿದೆವು. ಅಲ್ಲಿ ಲಂಡನ್ ಕಮ್ಯುನಿಟಿ ಲ್ಯಾಂಡ್ ಟ್ರಸ್ಟಿನ 23 ಮನೆಗಳಿವೆ. ಬೆಲೆಯನ್ನು ನಿರ್ಧರಿಸುವುದು ಆ ಭಾಗದ ಜನರ ಸಾಮಾನ್ಯ ಆದಾಯ. ಮಾರುವವನೂ ಅದೇ ಲೆಕ್ಕದಲ್ಲೇ ಮುಂದಿನವನಿಗೆ ಮಾರಬೇಕು. 23 ಬಹಳ ಸಣ್ಣ ಸಂಖ್ಯೆ ನಿಜ. ಆದರೂ ಮೂರು ದಿನಗಳಲ್ಲಿ ನಾನು ಕಂಡ ಮನೆಗಳ ಪೈಕಿ, ನೆಲದ ಬೆಲೆ ಏರಿದರೂ ಮನೆಯ ಬೆಲೆ ಅದರ ಬೆನ್ನು ಹತ್ತದಂತೆ ಕಟ್ಟುಹಾಕಿದ್ದು ಇಲ್ಲಿ ಮಾತ್ರ.

ಮನೆಗೆ ಬಂದಾಗ ಅಕ್ಕನ ಮಗನ ಫೋನಿಗೆ ಮನೆ ಮಾಲೀಕರ ಸಂದೇಶ ಬಂದಿತ್ತು. ಬಾಡಿಗೆ ಕರಾರು ನವೀಕರಿಸಬೇಕಾದರೆ ತಿಂಗಳಿಗೆ ಇನ್ನಷ್ಟು ಕೊಡಬೇಕು. ಅವನು ಏನೂ ಮಾತಾಡದೆ ಅನ್ನಕ್ಕಿಟ್ಟು, ಸಾರಿಗೆ ಒಗ್ಗರಣೆ ಹಾಕಿ, ಊಟ ಮುಗಿದ ಮೇಲೆ, "ನಾಳೆ ಬಾರ್ಕಿಂಗ್ ರಿವರ್‌ಸೈಡ್ ಕಡೆ ಒಂದು ಮನೆ ನೋಡ್ಬೇಕು, ಬರ್ತೀರಾ ಮಾವ?" ಎಂದು ಕೇಳಿದ.

ವೆಸ್ಟ್ ಹ್ಯಾಮ್, ಬಾರ್ಕಿಂಗ್ ಎಂದು ಎರಡು ಕಡೆ ರೈಲು ಬದಲಿಸಿ ಹೋದೆವು. ಕೊನೆಯ ನಿಲ್ದಾಣ ಥೇಮ್ಸ್ ದಂಡೆಯಲ್ಲಿದೆ, 2022ರಲ್ಲಿ ತೆರೆದದ್ದು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಿದ್ದ, ಅದರ ಹಾರುಬೂದಿಯನ್ನು ಸುರಿದಿದ್ದ ನೆಲ ಅದು. ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮನೆಗಳ ಬಡಾವಣೆ ಏಳುತ್ತಿದೆ. ನದಿಯ ಮೇಲಿನಿಂದ ಬೀಸುವ ಗಾಳಿಗೆ ಕಟ್ಟಡ ಕೆಲಸದ ದೂಳು ಎದ್ದು ಕಣ್ಣಿಗೆ ಬೀಳುತ್ತಿತ್ತು. ಅಕ್ಕನ ಮಗ ಮಾದರಿ ಮನೆಯೊಳಗೆ ಹೋಗಿ ಬಂದು ಬಾಡಿಗೆ ಎಷ್ಟೆಂದು ಹೇಳಿದ. ಸ್ಟ್ರಾಟ್‌ಫರ್ಡಿಗಿಂತ ಕಡಿಮೆಯೇ ಇತ್ತು. ನಾನು ಕೆಳಗಿನ ಮಣ್ಣಿನ ಪರೀಕ್ಷೆಯ ವರದಿ ಕೇಳಿದೆಯಾ ಎಂದೆ. "ಇಲ್ಲ ಮಾವ, ಎಷ್ಟು ವರ್ಷಕ್ಕೆ ಕರಾರು ಮಾಡ್ಕೊಡ್ತಾರೆ ಅಂತ ಕೇಳ್ದೆ" ಎಂದ.