ಬಣ್ಣಕ್ಕಿಂತ ಮೊದಲು ಮಡಿಕೆ ನೋಡಿ

ರಿಯೊ ಡಿ ಜನೈರೊ ಕರಾವಳಿಯ ಮರಳುನೆಲದಲ್ಲಿ ಬೆಳೆಯುವ ಕುರುಚಲು ಕಾಡಿಗೆ ರೆಸ್ಟಿಂಗಾ ಎನ್ನುತ್ತಾರೆ. ಅದರ ಜೌಗು ಭಾಗಗಳಲ್ಲಿ ಹಾರುವ ಚಿಟ್ಟೆ ಪರೈಡಿಸ್ ಅಸ್ಕೇನಿಯಸ್: ಕಪ್ಪು ಮೈ, ಅಗಲವಾದ ಬಿಳಿ ಪಟ್ಟಿ, ಹಿಂದಿನ ರೆಕ್ಕೆಯಲ್ಲಿ ಗುಲಾಬಿ ಕೆಂಪು. 1973ರಲ್ಲಿ ಬ್ರೆಜಿಲಿನ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿದ ಮೊದಲ ಕೀಟ ಇದು. ಅದೇ ಕರಾವಳಿಯಲ್ಲಿ ಮಿಮಾಯ್ಡಿಸ್ ಲೈಸಿಥೌಸ್ ಹ್ಯಾರಿಸಿಯಾನಸ್ ಎಂಬ ಇನ್ನೊಂದು ಅಪರೂಪದ ಕವಲುಬಾಲದ ಚಿಟ್ಟೆ ಹೆಚ್ಚುಕಡಿಮೆ ಅದೇ ವೇಷದಲ್ಲಿ ಹಾರುತ್ತದೆ. ಮೊದಲನೆಯದು ವಿಷದ್ದು, ಎರಡನೆಯದು ಅದರ ಸೋಗು ಹಾಕಿದ್ದು. ನಮ್ಮ ಹಿತ್ತಲಲ್ಲಿ ಕಾಮನ್ ಮಾರ್ಮನ್ ಚಿಟ್ಟೆಯ ಕೆಲವು ಹೆಣ್ಣುಗಳು ವಿಷದ ಕ್ರಿಮ್ಸನ್ ರೋಸ್ ಚಿಟ್ಟೆಯಂತೆ ಕಾಣುವುದೂ ಇದೇ ಆಟ.

ಹಾಗಾಗಿ ಬ್ರೆಜಿಲಿನ ಕವಲುಬಾಲದ ಚಿಟ್ಟೆಗಳನ್ನು ಸಂಗ್ರಹಿಸುವಾಗ ಬಣ್ಣ ನೋಡಿ ಹೆಸರು ಬರೆಯಬೇಡಿ. ಕೈಯಲ್ಲಿರುವುದು ಗಂಡಾದರೆ ಹಿಂದಿನ ರೆಕ್ಕೆಯ ಒಳ ಅಂಚನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಪರೈಡಿಸ್ ಗಂಡಿಗೆ ಅಲ್ಲಿ ಮಡಿಕೆಯಿರುತ್ತದೆ. ಅದರೊಳಗೆ ಉಣ್ಣೆಯಂತೆ ಕಾಣುವ, ಪರಿಮಳ ಸೂಸುವ ಶಲ್ಕಗಳು, ಅಂದರೆ ಪುಟ್ಟ ಹುರುಪೆಗಳು, ಇರುತ್ತವೆ. ಅವುಗಳ ಬಣ್ಣ ಮತ್ತು ಹರಹು ಪ್ರಭೇದ ಗುರುತಿಸಲೂ ನೆರವಾಗುತ್ತವೆ. ರೆಕ್ಕೆ ಹರಡುವಾಗ ಮಡಿಕೆ ಚಪ್ಪಟೆಯಾಗಿ ಒತ್ತಿಹೋದರೆ ಈ ಗುರುತು ಕಾಣಿಸದು. ಕನಿಷ್ಠ ಒಂದು ಬದಿಯದನ್ನಾದರೂ ತೆರೆದಿಡಿ. ಹೆಣ್ಣಿನಲ್ಲಿ ಮಡಿಕೆ ಇರುವುದಿಲ್ಲ. ಅದು ಯಾವ ಗಿಡದಲ್ಲಿ ಮೊಟ್ಟೆ ಇಟ್ಟಿತು ಎಂಬುದೇ ಆಗ ದೊಡ್ಡ ಸುಳಿವು. ಪರೈಡಿಸ್ ಹುಡುಕುವುದು ಅರಿಸ್ಟೊಲೋಕಿಯಾ ಬಳ್ಳಿಯನ್ನು, ಅಂದರೆ ನಮ್ಮ ಈಶ್ವರಿ ಬಳ್ಳಿಯ ಕುಲವನ್ನು. ಮಿಮಾಯ್ಡಿಸ್ ಸೀತಾಫಲದ ಕುಟುಂಬದ ಗಿಡಗಳಿಗೆ ಹೋಗುತ್ತದೆ. ಮರಿಹುಳು ಸಿಕ್ಕರೆ ಅನುಮಾನವೇ ಉಳಿಯದು: ಪರೈಡಿಸ್ ಹುಳುವಿನ ಮೈತುಂಬ ಮೆತ್ತನೆಯ ಕೊಂಬುಗಳು, ಮಿಮಾಯ್ಡಿಸ್‌ನದು ನುಣುಪು.

ಹಳದಿ ಪಟ್ಟಿಯ ಪ್ಯಾಪಿಲಿಯೊ ಥೋವಾಸ್ ಗುಂಪಿನ ಚಿಟ್ಟೆಗಳದು ಬೇರೆ ತೊಡಕು. ಇಲ್ಲಿ ರೆಕ್ಕೆಯ ಚಿತ್ತಾರ ಸಾಕಾಗದೆ ಗಂಡಿನ ಜನನಾಂಗ ನೋಡಬೇಕಾಗುತ್ತದೆ. ಮೊದಲು ಹೊಟ್ಟೆಯ ತುದಿಯ ಶಲ್ಕಗಳನ್ನು ಸಣ್ಣ ಕುಂಚದಿಂದ ಸರಿಸಿ ನೋಡಿ. ಕೆಲವೊಮ್ಮೆ ಅಷ್ಟೇ ಸಾಕು. ಸಾಲದಿದ್ದರೆ ಹೊಟ್ಟೆಯನ್ನು ಮೈಯಿಂದ ಬೇರ್ಪಡಿಸಿ, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ. ಇದು ಚರ್ಮ ಸುಡುವ ಕ್ಷಾರ, ಕೈಗವಸು ಮತ್ತು ಕನ್ನಡಕ ಬೇಕೇ ಬೇಕು. ಹೆಚ್ಚು ಹೊತ್ತು ಬಿಟ್ಟರೆ ಗಟ್ಟಿ ಭಾಗಗಳೂ ಬಣ್ಣಗೆಟ್ಟು, ಅಂಚು ಕಾಣದಂತಾಗುತ್ತವೆ. ನಂತರ ನೀರಲ್ಲಿ ತೊಳೆದು, ಗ್ಲಿಸರಿನ್ ತುಂಬಿದ ಪುಟ್ಟ ಸೀಸೆಯಲ್ಲಿಟ್ಟು, ಚಿಟ್ಟೆಯ ಸೂಜಿಗೇ ಚುಚ್ಚಿ. ಎರಡಕ್ಕೂ ಒಂದೇ ಸಂಖ್ಯೆ ಇರಲಿ.

ಪೊಟ್ಟಣದಲ್ಲಿ ಒಣಗಿ ಬಂದ ಚಿಟ್ಟೆಯ ರೆಕ್ಕೆಯನ್ನು ಹಾಗೇ ಬಿಡಿಸಿದರೆ ಮುರಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯ ತಳದಲ್ಲಿ ಒದ್ದೆ ಮರಳು, ಬೂಷ್ಟು ಬಾರದಂತೆ ಒಂದೆರಡು ಹರಳು ಥೈಮಾಲ್, ಮೇಲೆ ಜಾಲರಿ. ಅದರ ಮೇಲೆ ಚಿಟ್ಟೆಯನ್ನಿಟ್ಟು ಒಂದರಿಂದ ಮೂರು ದಿನ ಮುಚ್ಚಿಡಿ. ರೆಕ್ಕೆಗೆ ನೀರು ತಾಗಬಾರದು, ಮುಚ್ಚಳದ ಹನಿಯೂ ಬೀಳಬಾರದು. ಪ್ರೊಟೆಸಿಲಾಸ್‌ನಂಥ ತೆಳುರೆಕ್ಕೆಯ ಚಿಟ್ಟೆಗಳು ಒದ್ದೆಯಾದರೆ ಕೆಟ್ಟವೇ. ರೆಕ್ಕೆಯ ಬುಡವನ್ನು ಚಿಮಟದಿಂದ ಮೆಲ್ಲಗೆ ಒತ್ತಿದಾಗ ಅದು ತಾನಾಗಿ ಅಲುಗಬೇಕು. ಅಲುಗದಿದ್ದರೆ ಇನ್ನೊಂದು ದಿನ ಕಾಯಿರಿ. ಬಲ ಹಾಕಿದರೆ ನರ ಸೀಳುತ್ತದೆ. ಹಲಗೆಯಲ್ಲಿ ಹರಡುವಾಗ ಮುಂದಿನ ರೆಕ್ಕೆಯ ಹಿಂಬದಿ ಅಂಚು ಮೈಗೆ ಲಂಬವಾಗಿರಲಿ. ಉದ್ದ ಬಾಲಗಳ ಮೇಲೆ ಪ್ರತ್ಯೇಕ ಕಾಗದದ ಪಟ್ಟಿ ಹಾಕಿ. ಎರಡು ಮೂರು ವಾರ ಒಣಗಲಿ.

ನದಿಯ ಮರಳದಂಡೆಯಲ್ಲಿ ಉಪ್ಪು ಹೀರಲು ಗುಂಪುಗೂಡುವವು ಬಹುಪಾಲು ಗಂಡುಗಳು. ಅಲ್ಲಿಂದಷ್ಟೇ ಸಂಗ್ರಹಿಸಿದರೆ ಹೆಣ್ಣುಗಳ ಗುರುತು ಎಂದಿಗೂ ಕಲಿಯಲಾಗದು.

ಬ್ರೆಜಿಲಿನಲ್ಲಿ ಕಾಡಿನಿಂದ ಹಿಡಿಯಲು ಪರವಾನಗಿ ಬೇಕು. ಸೆರಾಡೊ ಎಂಬ ಬ್ರೆಜಿಲಿನ ಹುಲ್ಲುಗಾಡು ಪ್ರದೇಶದ ತೊರೆಯಂಚಿನ ಕಾಡುಗಳ ಪರೈಡಿಸ್ ಬರ್ಚೆಲಾನಸ್ 2019ರಿಂದ ಸೈಟೀಸ್, ಅಂದರೆ ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಷಿದ್ಧ. ಮಾರಾಟಗಾರರು ಇದನ್ನು ಬೇರೆ ಹೆಸರಲ್ಲಿ ಕೊಟ್ಟರೂ ತೆಗೆದುಕೊಳ್ಳಬೇಡಿ. ಚೀಟಿಯಲ್ಲಿ ಬರೀ "ಬ್ರೆಜಿಲ್" ಎಂದಿದ್ದರೆ ಆ ಮಾದರಿಗೆ ಅಂದ ಉಳಿದೀತು, ಅಧ್ಯಯನದ ಬೆಲೆ ಉಳಿಯದು. ರಾಜ್ಯ, ಹತ್ತಿರದ ಊರು, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಹಿಡಿದವರ ಹೆಸರು ಇಷ್ಟನ್ನೂ ಹಿಡಿದ ದಿನವೇ ಪೊಟ್ಟಣದ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಶಾಯಿ ತೇವಕ್ಕೆ ಹರಡುತ್ತದೆ.