ನ್ಯೂಟನ್ ಪೆಟ್ಟಿಗೆ ಮತ್ತು ಬಕ್‌ಫಾಸ್ಟ್‌ನ ಸನ್ಯಾಸಿ

ತೀರ್ಥಹಳ್ಳಿ ಕಡೆ ತುಡುವೆ ಜೇನು ಸಾಕುವವರಿಗೆ ನ್ಯೂಟನ್ ಪೆಟ್ಟಿಗೆ ಗೊತ್ತೇ ಇರುತ್ತದೆ. ನಮ್ಮ ಅಡಿಕೆ ತೋಟದಲ್ಲಿರುವುದೂ ಅದೇ. ಸೇಬು ಬೀಳುವುದನ್ನು ನೋಡಿದ ನ್ಯೂಟನ್ ಅಲ್ಲ ಇವರು. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿದ್ದ ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಪಂಥದ ಪಾದ್ರಿ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಮಾಡಿದ ಪೆಟ್ಟಿಗೆ ನಮ್ಮ ಸಣ್ಣ ತುಡುವೆಗೆ ಇಬ್ಬರೇ ಇರುವ ಮನೆಗೆ ದೊಡ್ಡ ಬಂಗಲೆ ಕೊಟ್ಟ ಹಾಗೆ. ನ್ಯೂಟನ್ ಅದನ್ನು ಚಿಕ್ಕದು ಮಾಡಿದರು, 1911ರಿಂದ 1917ರವರೆಗೆ ಊರ ಜನರಿಗೆ ಜೇನು ಸಾಕುವುದನ್ನೂ ಕಲಿಸಿದರು. ಅಂದ ಹಾಗೆ, 1852ರಲ್ಲಿ ಪೇಟೆಂಟ್ ಪಡೆದ ಆ ಲ್ಯಾಂಗ್‌ಸ್ಟ್ರಾತ್ ಕೂಡ ಪಾದ್ರಿಯೇ. ಅವರು ಪ್ರಾಟೆಸ್ಟೆಂಟ್, ಸಂಸಾರಸ್ಥರು.

ಪಾದ್ರಿಗಳಿಗೂ ಜೇನಿಗೂ ಏನಪ್ಪಾ ನಂಟು ಅಂತ ಹುಡುಕುತ್ತಾ ಹೋದವನಿಗೆ ಸಿಕ್ಕವರು ಬ್ರದರ್ ಆಡಂ. ಪೂಜೆಯ ಮೇಣದಬತ್ತಿಗೆ ಜೇನುಮೇಣ ಬೇಕಿತ್ತು, ಹಾಗಾಗಿ ಯುರೋಪಿನ ಮಠಗಳಲ್ಲಿ ಜೇನು ಸಾಕುವುದು ಹಳೇ ಕಸುಬು. ಆದರೆ ಈ ಮನುಷ್ಯನ ಕಥೆಯೇ ಬೇರೆ.

ಹುಟ್ಟಿದ್ದು 1898ರಲ್ಲಿ, ಜರ್ಮನಿಯಲ್ಲಿ. ಹನ್ನೊಂದು ವರ್ಷದ ಹುಡುಗನನ್ನು ಇಂಗ್ಲೆಂಡಿನ ಬಕ್‌ಫಾಸ್ಟ್ ಮಠಕ್ಕೆ ಕಳಿಸಿದರು. ಅದು ಬೆನೆಡಿಕ್ಟೈನ್ ಪಂಥದ ಮಠ. 1018ರಲ್ಲಿ ಶುರುವಾದದ್ದು. ಎಂಟನೇ ಹೆನ್ರಿಯ ಕಾಲದಲ್ಲಿ, 1539ರಲ್ಲಿ ಮುಚ್ಚಿಸಿದರು. ಫ್ರಾನ್ಸಿನಿಂದ ಬಂದ ಸನ್ಯಾಸಿಗಳು 1882ರಲ್ಲಿ ಅಲ್ಲೇ ಮತ್ತೆ ನೆಲೆ ನಿಂತರು. ದೊಡ್ಡ ಚರ್ಚನ್ನು ಅವರೇ ಕಲ್ಲು ಹೊತ್ತು ಕಟ್ಟಿದರು, ಒಮ್ಮೆಗೆ ನಾಲ್ಕೋ ಆರೋ ಜನ ಅಷ್ಟೆ. ಕೆಲಸ ಪೂರ್ತಿ ಮುಗಿದದ್ದು 1938ರಲ್ಲಿ. ಆಡಂ ಕೂಡ ಮೊದಲು ಕಲ್ಲು ಕೆಲಸಕ್ಕೇ ಸೇರಿದವರು. ಮೈ ಸಹಕರಿಸಲಿಲ್ಲ, ಜೇನಿನ ಕಡೆ ಹಾಕಿದರು.

ಮರುವರ್ಷವೇ ರೋಗ ಬಂತು. 1916ರಲ್ಲಿ ಮಠದ 46 ಪೆಟ್ಟಿಗೆಗಳಲ್ಲಿ 30 ಖಾಲಿ. ಉಳಿದ 16 ಯಾಕೆ ಉಳಿದವು? ಅವುಗಳಲ್ಲಿ ಇಟಲಿ ಜೇನಿನ ರಕ್ತ ಇತ್ತು. ಹದಿನೆಂಟು ವರ್ಷದ ಹುಡುಗನ ತಲೆಯಲ್ಲಿ ಆ ಪ್ರಶ್ನೆ ಕೂತುಬಿಟ್ಟಿತು.

ಇಲ್ಲಿ ನನಗೆ ನಮ್ಮ 1991-92 ನೆನಪಾಗದೇ ಇರುತ್ತದಾ? ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣದ ತುಡುವೆಯನ್ನೆಲ್ಲ ಗುಡಿಸಿಹಾಕಿದ ವರ್ಷ. ಎರಿ ಎತ್ತಿ ನೋಡಿದರೆ ಮರಿಹುಳ ಎರಿಯ ಕೋಶದೊಳಗೆ ನೆಟ್ಟಗೆ ಮಲಗಿ ಸತ್ತಿರುತ್ತದೆ, ತಲೆ ಮೇಲಕ್ಕೆ. ಕಡ್ಡಿಯಲ್ಲಿ ಎತ್ತಿದರೆ ನೀರು ತುಂಬಿದ ಚೀಲ. ಅಪ್ಪ ಪೆಟ್ಟಿಗೆಗಳನ್ನೆಲ್ಲ ಅಟ್ಟಕ್ಕೆ ಹಾಕಿದರು. ಆಮೇಲೆ ಎಷ್ಟೋ ವರ್ಷ ಮನೆಯಲ್ಲಿ ಜೇನಿನ ಮಾತೇ ಇರಲಿಲ್ಲ.

ಆಡಂ ಸುಮ್ನೆ ಕೂರಲಿಲ್ಲ. ರಾಣಿ ಹಾರುತ್ತಲೇ ಕೂಡುತ್ತದೆ, ಯಾವ ಗಂಡುನೊಣ ಅಂತ ಯಾರು ಹೇಳುವುದು? ಅದಕ್ಕೇ 1925ರಲ್ಲಿ ಡಾರ್ಟ್‌ಮೂರ್ ಎಂಬ ಚಳಿಯ ಬೋಳು ಗುಡ್ಡಕ್ಕೆ ರಾಣಿಗಳನ್ನು ಒಯ್ದರು. ಅಲ್ಲಿ ಬೇರೆ ಜೇನೇ ಇಲ್ಲ, ತಾನು ಇಟ್ಟ ಗಂಡುನೊಣ ಮಾತ್ರ. ನಮ್ಮಲ್ಲಿ ಈ ಆಟ ನಡೆಯುವುದಿಲ್ಲ ಬಿಡಿ. ಆಗುಂಬೆ ಕಾಡಿನ ಪೊಟರೆಗಳಲ್ಲಿ ತುಡುವೆಗೆ ಬರವಾ?

ಬೆನೆಡಿಕ್ಟೈನರು ಒಂದೇ ಮಠದಲ್ಲಿ ಬದುಕು ಕಳೆಯುತ್ತೇವೆ ಅಂತ ವ್ರತ ಹಿಡಿಯುವವರು. ಈ ಕೆಲಸಕ್ಕೆ ಅದು ವರವೇ ಆಯಿತು. ತಳಿ ಕಟ್ಟುವವನಿಗೆ ಬೇಕಾದದ್ದು ಅದೇ ಜಾಗ, ಅದೇ ಲೆಕ್ಕದ ಪುಸ್ತಕ, ಅವಸರ ಮಾಡದ ವರ್ಷಗಳು. ತಮಾಷೆ ಏನೆಂದರೆ, 1950ರಿಂದ ಇವರು ಬೇರೆ ಬೇರೆ ಜಾತಿಯ ಜೇನು ಹುಡುಕಿಕೊಂಡು ಯುರೋಪು, ಟರ್ಕಿ, ಆಫ್ರಿಕಾ ಅಂತ ತಿರುಗಿದರು. 89ರ ವಯಸ್ಸಿನಲ್ಲಿ ಕಿಲಿಮಂಜಾರೋ ಕಡೆಗೂ ಹೋದರು. ಬಕ್‌ಫಾಸ್ಟ್ ಜೇನು ಅಂತ ಇವತ್ತು ಎಷ್ಟೋ ದೇಶಗಳಲ್ಲಿ ಸಾಕುವುದು ಇವರು ಕಟ್ಟಿದ ತಳಿಯನ್ನೇ.

1992ರಲ್ಲಿ ಮಠದ ಹಿರಿಯರಿಗೂ ಇವರಿಗೂ ಹೊಂದಲಿಲ್ಲ. ಜೇನಿನ ಕೆಲಸ ಅತಿಯಾಯಿತು, ಸನ್ಯಾಸಕ್ಕೆ ಅಡ್ಡ ಬರುತ್ತಿದೆ ಎಂಬುದು ಅವರ ವಾದ. ಆಡಂ ಜವಾಬ್ದಾರಿ ಬಿಟ್ಟುಕೊಟ್ಟರು.

ಹಿರಿಯರ ಮಾತಿಗೆ ಆಧಾರ ಇಲ್ಲದೆ ಇಲ್ಲ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ನಿಯಮಗಳಲ್ಲಿ 73 ಅಧ್ಯಾಯಗಳಿವೆ. 48ನೆಯದು ಕೈಕೆಲಸ ಮಾಡಿ ಅನ್ನುತ್ತದೆ, ಸೋಮಾರಿತನ ಆತ್ಮಕ್ಕೆ ವೈರಿ ಅಂತ. 57ನೆಯದು ಕುಶಲಕರ್ಮಿಗಳ ಬಗ್ಗೆ. ತನ್ನ ಕಸುಬಿನಿಂದಲೇ ಮಠಕ್ಕೆ ಲಾಭ ಅಂತ ಒಬ್ಬ ಬೀಗಿದರೆ, ಆ ಕಸುಬಿನಿಂದಲೇ ಅವನನ್ನು ಬಿಡಿಸಿ ಅನ್ನುತ್ತದೆ. ಒಂದೂವರೆ ಸಾವಿರ ವರ್ಷದ ಹಿಂದೆ ಕೂತು ಇದನ್ನು ಬರೆದವನು ಮನುಷ್ಯರನ್ನು ಚೆನ್ನಾಗಿ ಬಲ್ಲವನೇ. ಆಡಂ ಬೀಗಿದರೋ ಇಲ್ಲವೋ, ಜೇನು ಬಿಟ್ಟು ಬೇರೆ ಧ್ಯಾನ ಕಡಿಮೆಯೇ ಇತ್ತು ಅನ್ನಿಸುತ್ತದೆ.

ಆದರೂ ನನ್ನ ಓಟು ಆಡಂಗೇ. 93ರ ಮುದುಕ, ಏಳು ದಶಕದ ಕೆಲಸ. 1996ರಲ್ಲಿ ತೀರಿಕೊಂಡರು. ಆ ನಾಲ್ಕು ವರ್ಷ ಪೆಟ್ಟಿಗೆಗಳನ್ನು ಅವರ ಪಾಡಿಗೆ ಬಿಟ್ಟಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?